ಬಿಟ್ಟ ಕಂಪನಿಯ ಬಗ್ಗೆ ಬರೆದರೆ: ಯಾವುದು ಅಪರಾಧ, ಯಾವುದು ಬರೀ ಬೆದರಿಕೆ?

2025ರ ನಾಲ್ಕು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. ಮಾರ್ಚ್‌ನಲ್ಲಿ ಅಮೆರಿಕದ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ವ್ಯಾಜ್ಯ ತೀರ್ಮಾನಿಸುವ ಮಧ್ಯಸ್ಥಗಾರ) ಒಬ್ಬರು, ಮೆಟಾ ಕಂಪನಿಯ ಮಾಜಿ ಅಧಿಕಾರಿ ಸಾರಾ ವಿನ್-ವಿಲಿಯಮ್ಸ್ ಆ ಕಂಪನಿಯ ಬಗ್ಗೆ ತಾವೇ ಬರೆದ ಪುಸ್ತಕಕ್ಕೆ ಪ್ರಚಾರ ಮಾಡಬಾರದು ಎಂದು ಆದೇಶ ಕೊಟ್ಟರು. ಪುಸ್ತಕ ಮಾತ್ರ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಎಂ.ಎಂ. ಸುಂದರೇಶ್, ಮಾನಹಾನಿಯನ್ನು ಅಪರಾಧಗಳ ಪಟ್ಟಿಯಿಂದ ಕೈಬಿಡುವ ಕಾಲ ಬಂದಿದೆ ಎಂದು ವಿಚಾರಣೆಯ ನಡುವೆ ಹೇಳಿದರು. ಅದೇ ತಿಂಗಳ 24ರಂದು ಕರ್ನಾಟಕ ಹೈಕೋರ್ಟ್, ಬರಹ ತೆಗೆಯಿರಿ ಎಂದು ಜಾಲತಾಣಗಳಿಗೆ ಸೂಚನೆ ಕಳಿಸಲು ಇರುವ ಕೇಂದ್ರದ ಸಹಯೋಗ್ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ವಜಾ ಮಾಡಿ, ಸಾಮಾಜಿಕ ಜಾಲತಾಣಗಳಿಗೆ ಲಗಾಮು ಬೇಕು ಎಂದಿತು. ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂಬ ಮಾತು ಎಲ್ಲರ ಫೋನಿಗೂ ಬಂತು.

ಹಾಗಾದರೆ ಕೆಲಸ ಬಿಟ್ಟವರು ಹಳೆಯ ಕಂಪನಿಯ ಬಗ್ಗೆ ಹೆಸರು ಹಾಕಿ ಬರೆಯಬಹುದೋ, ಬಾರದೋ? ಬರೆದಾಗಿದ್ದರೆ ಮುಂದೇನು? ಉತ್ತರ ಸಿಗದಿರಲು ಮುಖ್ಯ ಕಾರಣ, ನಾವು "ಕೇಸ್ ಹಾಕುತ್ತಾರೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಕಾನೂನುಗಳನ್ನು ಕಟ್ಟಿಹಾಕಿರುವುದು. ಮಾನಹಾನಿ ಒಂದು, ಸಹಿ ಹಾಕಿದ ಒಪ್ಪಂದ ಇನ್ನೊಂದು, ಕಂಪನಿಯ ದಾಖಲೆ ಮತ್ತೊಂದು. ಜನ ಹೆಚ್ಚು ಹೆದರುವುದು ಮೊದಲನೆಯದಕ್ಕೆ. ನಿಜವಾಗಿ ಸಿಕ್ಕಿಬೀಳುವುದು ಉಳಿದೆರಡರಲ್ಲಿ.

ಮಾನಹಾನಿಗೆ ಪೊಲೀಸರು ಮನೆಗೆ ಬರುವುದಿಲ್ಲ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ. ಗರಿಷ್ಠ ಶಿಕ್ಷೆ ಎರಡು ವರ್ಷ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸಮುದಾಯ ಸೇವೆ ಎಂಬ ಹೊಸ ಆಯ್ಕೆಯೂ ಸೇರಿದೆ. ಕಂಪನಿಗೂ ಮಾನವಿದೆ ಎಂದು ಕಲಮಿನ ವಿವರಣೆಯೇ ಹೇಳುತ್ತದೆ. 2016ರ ಮೇ ತಿಂಗಳಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿಯನ್ನು ಸಂವಿಧಾನಬದ್ಧ ಎಂದು ಎತ್ತಿಹಿಡಿದಿತ್ತು. ನ್ಯಾ. ಸುಂದರೇಶ್ ಅವರ ಮಾತು ಬಾಯಿಮಾತಿನ ಅಭಿಪ್ರಾಯ, ತೀರ್ಪಲ್ಲ. ಹಾಗಾಗಿ ಕಾನೂನು ಇದ್ದಲ್ಲೇ ಇದೆ.

ಆದರೆ ಇದು ಅಸಂಜ್ಞೇಯ ಅಪರಾಧ, ಜಾಮೀನು ಸಿಗುವಂಥದ್ದು, ರಾಜಿ ಮಾಡಿಕೊಳ್ಳಬಹುದಾದದ್ದು. ಅಂದರೆ ಠಾಣೆಯಲ್ಲಿ ಎಫ್‌ಐಆರ್ ಹಾಕಿ ಬಂಧಿಸಲು ಬರುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಪ್ರಕಾರ, ದೂರನ್ನು ವಿಚಾರಣೆಗೆ ಅಂಗೀಕರಿಸುವ ಮೊದಲೇ ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಹಳೆಯ ಕಾನೂನಿನಲ್ಲಿ ಇದಿರಲಿಲ್ಲ. ಸಮನ್ಸ್ ಬಂದ ಮೇಲಷ್ಟೇ ವಿಷಯ ತಿಳಿಯುತ್ತಿತ್ತು. "48 ಗಂಟೆಯಲ್ಲಿ ಪೋಸ್ಟ್ ತೆಗೆಯದಿದ್ದರೆ ಅರೆಸ್ಟ್ ಮಾಡಿಸುತ್ತೇವೆ" ಎಂದು ಎಚ್‌ಆರ್ ವಿಭಾಗದಿಂದ ಮೆಸೇಜ್ ಬಂದರೆ, ಬರೀ ಮಾನಹಾನಿಯ ಮಟ್ಟಿಗೆ ಅದು ಪೊಳ್ಳು.

ಹಾಗಂತ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಶಿಕ್ಷೆಗಿಂತ ಅಲೆದಾಟವೇ ದೊಡ್ಡದು. ಪತ್ರಕರ್ತೆ ಪ್ರಿಯಾ ರಮಣಿ 2018ರ ಅಕ್ಟೋಬರ್‌ನಲ್ಲಿ ಸಂಪಾದಕ, ಮಾಜಿ ಸಚಿವ ಎಂ.ಜೆ. ಅಕ್ಬರ್ ಬಗ್ಗೆ ಮಾಡಿದ ಟ್ವೀಟ್‌ಗೆ ಅದೇ ತಿಂಗಳು ಕ್ರಿಮಿನಲ್ ದೂರು ದಾಖಲಾಯಿತು. ದೆಹಲಿಯ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದ್ದು 2021ರ ಫೆಬ್ರುವರಿ 17ರಂದು. ದಶಕಗಳ ನಂತರವೂ ತನಗೆ ಸರಿ ಎನಿಸಿದ ವೇದಿಕೆಯಲ್ಲಿ ದೂರು ಹೇಳಿಕೊಳ್ಳುವ ಹಕ್ಕು ಮಹಿಳೆಗಿದೆ ಎಂದು ಆ ತೀರ್ಪು ಹೇಳಿತು. ಅದರ ವಿರುದ್ಧ ಹೈಕೋರ್ಟ್‌ಗೆ ಮೇಲ್ಮನವಿ ಹೋಯಿತು. ಗೆದ್ದರೂ ಎರಡೂಕಾಲು ವರ್ಷ ಕೋರ್ಟಿಗೆ ಅಲೆಯಬೇಕಾಯಿತು.

ಇಲ್ಲೊಂದು ವ್ಯತ್ಯಾಸವನ್ನು ಬಹಳ ಜನ ಗಮನಿಸುವುದಿಲ್ಲ. ಪರಿಹಾರ ಕೇಳಿ ಹೂಡುವ ಸಿವಿಲ್ ದಾವೆಯಲ್ಲಿ ಬರೆದದ್ದು ನಿಜ ಎಂದು ತೋರಿಸಿದರೆ ಸಾಕು, ದಾವೆ ಬಿದ್ದುಹೋಗುತ್ತದೆ. ಕ್ರಿಮಿನಲ್ ದೂರಿನಲ್ಲಿ ಸತ್ಯದ ವಿನಾಯಿತಿ ಪಡೆಯಬೇಕಾದರೆ ನಿಜವಾಗಿರುವುದು ಮಾತ್ರ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಮ್ಯಾನೇಜರ್‌ನ ಸಂಸಾರದ ಜಗಳ ನಿಜವಿರಬಹುದು. ಅದರಲ್ಲಿ ಸಾರ್ವಜನಿಕ ಹಿತ ಏನೂ ಇಲ್ಲ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡಿದರೆ

"ಈ ಕಂಪನಿ ನಮ್ಮ ಪಿಎಫ್ ನುಂಗಿದೆ." ಐದು ಪದ. ಇದರಲ್ಲಿ ವಕೀಲರು ಹಿಡಿಯುವುದು "ನುಂಗಿದೆ" ಎಂಬುದನ್ನು. ಅದು ದುಡ್ಡು ದುರುಪಯೋಗ ಮಾಡಿಕೊಂಡರು ಎಂಬ ಆರೋಪ, ಅಂದರೆ ನಂಬಿಕೆದ್ರೋಹದ ಅಪರಾಧ. ಅದನ್ನು ಸಾಬೀತು ಮಾಡುವ ಹೊಣೆ ಬರೆದವರ ತಲೆಯ ಮೇಲೆ ಬೀಳುತ್ತದೆ. "ನಮ್ಮ" ಎಂಬುದೂ ತೊಂದರೆಯೇ. ಉಳಿದ ನೌಕರರ ಪಾಸ್‌ಬುಕ್ ಬರೆದವರ ಕೈಯಲ್ಲಿಲ್ಲ.

ಅದೇ ಸಂಗತಿಯನ್ನು ಹೀಗೆ ಬರೆಯಬಹುದು: "ಜುಲೈ ಮತ್ತು ಆಗಸ್ಟ್ ಸಂಬಳದ ಚೀಟಿಯಲ್ಲಿ ನನ್ನ ಪಿಎಫ್ ಕಡಿತವಾಗಿದೆ. ಕಡಿತವಾದ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅಕ್ಟೋಬರ್ 10ರಂದು ತೆಗೆದ ನನ್ನ ಪಾಸ್‌ಬುಕ್‌ನಲ್ಲಿ ಆ ಎರಡು ತಿಂಗಳ ಕಂತು ಕಾಣುತ್ತಿಲ್ಲ. ಎಚ್‌ಆರ್‌ಗೆ ಎರಡು ಸಲ ಕೇಳಿದೆ, ಉತ್ತರ ಬಂದಿಲ್ಲ." ಓದುವವರಿಗೆ ಅರ್ಥವಾಗುವುದು ಅದೇ. ಆದರೆ ಇದರ ಪ್ರತಿಯೊಂದು ತುಣುಕಿಗೂ ಒಂದೊಂದು ಕಾಗದವಿದೆ, ಎಲ್ಲವೂ ಬರೆದವರದೇ ಅನುಭವ. ಕಂಪನಿಯ ಮನಸ್ಸಿನಲ್ಲಿ ಏನಿತ್ತು ಎಂಬ ಊಹೆ ಇದರಲ್ಲಿಲ್ಲ. ಕೋರ್ಟ್‌ನಲ್ಲಿ ಬೀಳುವ ಬರಹಗಳು ಹೆಚ್ಚಾಗಿ ಬೀಳುವುದು ಉದ್ದೇಶವನ್ನು ಆರೋಪಿಸುವ ಕ್ರಿಯಾಪದಗಳಿಂದ: ನುಂಗಿದರು, ಮೋಸ ಮಾಡಿದರು, ಬೇಕೆಂದೇ ತೆಗೆದರು.

"ನಾನು ನೋಡಿದ ಅತಿ ಕೆಟ್ಟ ಆಡಳಿತ" ಎನ್ನುವುದು ಅಭಿಪ್ರಾಯ, ಅದಕ್ಕೆ ರಕ್ಷಣೆ ಇದೆ. ಆದರೆ ಆ ಅಭಿಪ್ರಾಯ ಯಾವ ಸಂಗತಿಯಿಂದ ಹುಟ್ಟಿತು ಎಂಬುದು ಪಕ್ಕದಲ್ಲೇ ಇರಬೇಕು. "ನನ್ನ ಅಭಿಪ್ರಾಯದಲ್ಲಿ ಇವರು ಕಳ್ಳರು" ಎಂದರೆ ಮೊದಲೆರಡು ಪದಗಳು ಯಾರನ್ನೂ ಕಾಪಾಡುವುದಿಲ್ಲ. ವ್ಯಕ್ತಿಯ ಹೆಸರಿನ ಬದಲು "ಆಗಿನ ನಮ್ಮ ಮಾರಾಟ ವಿಭಾಗದ ಮುಖ್ಯಸ್ಥ" ಎಂದು ಬರೆದರೂ ಗುರುತು ಸಿಗುವಂತಿದ್ದರೆ ಹೆಸರು ಹೇಳಿದಂತೆಯೇ.

ನೋಟಿಸಿನಲ್ಲಿರುವ ಕೋಟಿ

ವಕೀಲರ ನೋಟಿಸ್‌ಗಳಿಗೆ ಒಂದು ಸಿದ್ಧ ಅಚ್ಚಿದೆ. ಏಳು ಅಥವಾ ಹದಿನೈದು ದಿನದ ಗಡುವು, ಬೇಷರತ್ ಕ್ಷಮೆ, ಮುಂದೆಂದೂ ಬರೆಯುವುದಿಲ್ಲ ಎಂಬ ಮುಚ್ಚಳಿಕೆ, ಕೊನೆಗೆ ಕೋಟಿಗಳಲ್ಲಿ ಪರಿಹಾರ. ಕೋಟಿ ಎಂದು ಬರೆಯಲು ಖರ್ಚಿಲ್ಲ. ದಾವೆ ಹೂಡುವಾಗ ಮಾತ್ರ, ಕರ್ನಾಟಕದ ಕೋರ್ಟ್ ಶುಲ್ಕ ಕಾಯ್ದೆಯ ಪ್ರಕಾರ, ಕೇಳುವ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕು. ನೋಟಿಸಿನಲ್ಲಿ ಉಬ್ಬಿದ ಮೊತ್ತ ದಾವೆಯಲ್ಲಿ ಕುಗ್ಗಲು ಇದೊಂದು ಕಾರಣ.

ಹಣಕ್ಕಿಂತ ಮೊದಲು ಕಂಪನಿ ಬಯಸುವುದು ತಡೆಯಾಜ್ಞೆ. ಎದುರು ಪಕ್ಷದ ಮಾತು ಕೇಳದೆಯೇ ಕೊಡುವ ಏಕಪಕ್ಷೀಯ ಆದೇಶ ಸಿಕ್ಕಿಬಿಟ್ಟರೆ ಬರಹ ಅಂದೇ ಮಾಯ; ಆಮೇಲೆ ಮೂಲ ದಾವೆ ಎಷ್ಟು ವರ್ಷ ನಡೆದರೂ ಅವರಿಗೆ ಅವಸರವಿಲ್ಲ. ಈ ಅಭ್ಯಾಸಕ್ಕೆ 2024ರ ಮಾರ್ಚ್ 22ರಂದು ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಡಿವಾಣ ಹಾಕಿತು. ವಿಚಾರಣೆಗೂ ಮೊದಲೇ ಪ್ರಕಟಣೆಯನ್ನು ತಡೆಯುವುದು ಅಪರೂಪದ ಸಂದರ್ಭದಲ್ಲಿ ಮಾತ್ರ, ಕಾರಣ ಬರೆಯದೆ ಯಾಂತ್ರಿಕವಾಗಿ ಕೊಡಬಾರದು ಎಂದಿತು. ಹಣಬಲ ಇರುವವರು ಬಾಯಿ ಮುಚ್ಚಿಸಲು ಹೂಡುವ ದಾವೆಗಳ ಬಗ್ಗೆಯೂ ಎಚ್ಚರಿಸಿತು. ಅದು ಪತ್ರಿಕಾ ಸಂಸ್ಥೆಯ ಪ್ರಕರಣ ನಿಜ, ಆದರೆ ಅಲ್ಲಿನ ತರ್ಕವನ್ನು ಒಬ್ಬಂಟಿ ಬರಹಗಾರರೂ ಮುಂದಿಡಬಹುದು.

ಇದಕ್ಕೆ ಅಗ್ಗದ ಮುನ್ನೆಚ್ಚರಿಕೆ ಎಂದರೆ ಕೇವಿಯಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ ಅಡಿ, "ಇಂಥವರು ನನ್ನ ಮೇಲೆ ಅರ್ಜಿ ಹಾಕಬಹುದು, ನನಗೆ ತಿಳಿಸದೆ ಆದೇಶ ಕೊಡಬೇಡಿ" ಎಂದು ಕೋರ್ಟ್‌ನಲ್ಲಿ ದಾಖಲಿಸುವುದು. ಪ್ರತಿಯನ್ನು ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. 90 ದಿನಕ್ಕೆ ಅದರ ಆಯಸ್ಸು ಮುಗಿಯುತ್ತದೆ, ಮತ್ತೆ ಹಾಕಬೇಕು. ಎಡವಟ್ಟಾಗುವುದು ಎರಡು ಕಡೆ. ಒಂದು, ಜನ ಬ್ರ್ಯಾಂಡ್ ಹೆಸರು ಬರೆಯುತ್ತಾರೆ, ದಾವೆ ಬರುವುದು ನೋಂದಾಯಿತ ಪ್ರೈವೇಟ್ ಲಿಮಿಟೆಡ್ ಹೆಸರಿನಲ್ಲಿ. ಹೊಂದಿಕೆಯಾಗದೆ ಕೇವಿಯಟ್ ಕಣ್ಣಿಗೇ ಬೀಳುವುದಿಲ್ಲ. ನೇಮಕಾತಿ ಪತ್ರದ ಅಡಿಯಲ್ಲಿರುವ ಪೂರ್ತಿ ಹೆಸರನ್ನೇ ಬಳಸಬೇಕು. ಎರಡು, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್‌ನಲ್ಲಿ ಹಾಕಿದ ಕೇವಿಯಟ್ ದೆಹಲಿಯಲ್ಲಿ ಹೂಡಿದ ದಾವೆಗೆ ಉಪಯೋಗವಿಲ್ಲ.

ನೋಟಿಸ್ ಬಂದ ದಿನ ಮಾಡಬಾರದ ಕೆಲಸ, ಗಾಬರಿಯಲ್ಲಿ ಎಲ್ಲ ಅಳಿಸಿ ಹಾಕುವುದು. ತೆಗೆಯಬೇಕೆನಿಸಿದರೆ ಮೊದಲು ದಿನಾಂಕ ಸಮೇತ ಪೂರ್ತಿ ಪ್ರತಿ ಇಟ್ಟುಕೊಂಡು ಆಮೇಲೆ ತೆಗೆಯಬೇಕು. ಏನು ಬರೆದಿದ್ದೆವು ಎಂಬುದಕ್ಕೆ ಕಂಪನಿ ತೋರಿಸುವ ಅರ್ಧ ಸ್ಕ್ರೀನ್‌ಶಾಟ್ ಮಾತ್ರ ಉಳಿಯುವಂತಾಗಬಾರದು.

ಸಹಿ ಹಾಕಿದ ಕಾಗದ

ಮೆಟಾ ಪ್ರಕರಣ ನಮಗೆ ಪಾಠವಾಗುವುದು ಇಲ್ಲಿ. ಆ ಆರ್ಬಿಟ್ರೇಟರ್ ಪುಸ್ತಕದಲ್ಲಿರುವುದು ಸುಳ್ಳು ಎಂದು ತೀರ್ಮಾನಿಸಲಿಲ್ಲ. ಅವರು ನೋಡಿದ್ದು 2017ರಲ್ಲಿ ಕೆಲಸ ಹೋದಾಗ ಲೇಖಕಿ ಸಹಿ ಹಾಕಿದ್ದ ಒಪ್ಪಂದವನ್ನು. ಅದರಲ್ಲಿ ಕಂಪನಿಯನ್ನು ಹೀಗಳೆಯುವುದಿಲ್ಲ ಎಂಬ ಷರತ್ತಿತ್ತು. ಪ್ರಕಾಶಕರು ಸಹಿ ಹಾಕಿರಲಿಲ್ಲ, ಆದ್ದರಿಂದ ಪುಸ್ತಕ ಮಾರಾಟ ನಿಲ್ಲಲಿಲ್ಲ. ಮಾನಹಾನಿಯಲ್ಲಿ ಸತ್ಯ ಗುರಾಣಿಯಾಗುತ್ತದೆ. ಒಪ್ಪಂದದಲ್ಲಿ "ನಿಜವಾದರೂ ಹೇಳುವುದಿಲ್ಲ" ಎಂದು ಮಾತು ಕೊಟ್ಟಿರುತ್ತೀರಿ, ಅಲ್ಲಿ ಆ ಗುರಾಣಿ ಕೆಲಸಕ್ಕೆ ಬಾರದು.

ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಕಲಂ ಇದೆಯಲ್ಲ, ಅದು ಕಾಪಾಡುತ್ತದೆ ಎಂದು ಐಟಿ ವಲಯದಲ್ಲಿ ಬಹಳ ಜನ ನಂಬಿದ್ದಾರೆ. ಆ ಕಲಂ ಅನೂರ್ಜಿತ ಮಾಡುವುದು ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬಂಥ ಷರತ್ತನ್ನು, ಅಂದರೆ ದುಡಿಮೆಗೆ ಹಾಕುವ ಅಡ್ಡಿಯನ್ನು. ಗುಟ್ಟು ಬಿಡಬಾರದು, ಹೀಗಳೆಯಬಾರದು ಎಂಬ ಷರತ್ತುಗಳು ಅದರಿಂದ ತಾವಾಗಿ ಬಿದ್ದುಹೋಗುವುದಿಲ್ಲ. 2025ರ ಮೇ 14ರಂದು ಕರ್ನಾಟಕದಿಂದಲೇ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ ₹2 ಲಕ್ಷ ಕಟ್ಟಬೇಕು ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಿದ್ಧ ಅಚ್ಚಿನ ಕರಾರಿನಲ್ಲಿ ನೌಕರನ ಕೈ ಕೆಳಗಿರುತ್ತದೆ, ಷರತ್ತು ನ್ಯಾಯವಾದದ್ದೆಂದು ತೋರಿಸುವ ಹೊಣೆ ಮಾಲೀಕರದು ಎಂದೂ ಅದೇ ತೀರ್ಪಿನಲ್ಲಿದೆ. ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಹೇಳುತ್ತಾರೆ. ಇನ್ನು ಷರತ್ತು ಮುರಿದರೆ ₹50 ಲಕ್ಷ ಎಂದು ಕರಾರಿನಲ್ಲಿ ಬರೆದಿದ್ದರೂ, ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಅದು ಮೇಲ್ಮಿತಿ ಮಾತ್ರ; ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರವನ್ನು.

ಕೆಲಸ ಬಿಡುವ ದಿನ ಮುಂದಿಡುವ ಕಾಗದದಲ್ಲಿ ನೋಡಬೇಕಾದ್ದು ಒಂದೇ ಲೆಕ್ಕ: ಅಲ್ಲಿರುವ ಹಣದಲ್ಲಿ ಹೇಗೂ ಬರಬೇಕಾದ್ದು ಎಷ್ಟು, ಕಂಪನಿ ಹೆಚ್ಚುವರಿಯಾಗಿ ಕೊಡುತ್ತಿರುವುದು ಎಷ್ಟು? ಬಾಕಿ ಸಂಬಳಕ್ಕೆ ವೇತನ ಸಂಹಿತೆಯ 17ನೇ ಕಲಂ ಎರಡು ಕೆಲಸದ ದಿನಗಳ ಗಡುವು ಹಾಕಿದೆ, ರಾಜೀನಾಮೆ ಕೊಟ್ಟವರಿಗೂ ಅದು ಅನ್ವಯ. ಗ್ರಾಚ್ಯುಟಿಗೆ 30 ದಿನ. ಇವು ಕಾನೂನಿನಂತೆ ನಿಮ್ಮವೇ, ಮೌನಕ್ಕೆ ಬೆಲೆಯಾಗಿ ಇವನ್ನೇ ತೋರಿಸಿದರೆ ಆ ಕರಾರಿಗೆ ಪ್ರತಿಫಲ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆದರೆ ಮೂರು ತಿಂಗಳ ಸಂಬಳವನ್ನು ಹೆಚ್ಚುವರಿಯಾಗಿ ಪಡೆದು ಸಹಿ ಹಾಕಿದ್ದರೆ ಮಾತು ಬೇರೆ, ಆ ಕರಾರು ಗಟ್ಟಿ. ಹೊಸ ಸಂಹಿತೆಯ ನಿಜವಾದ ಪರಿಣಾಮ ಇರುವುದು ಇಲ್ಲೇ. ಸಂಬಳ ತಡೆಹಿಡಿದು ಸಹಿ ಪಡೆಯುವ ಹಳೆಯ ಚಾಳಿಗೆ ಕಾನೂನಿನ ಬಲ ಇನ್ನಷ್ಟು ಕುಗ್ಗಿದೆ.

ಮಾತುಕತೆಗೆ ಜಾಗವಿದ್ದರೆ ಒಂದು ಸಾಲು ಸೇರಿಸಲು ಕೇಳುವುದು ಒಳ್ಳೆಯದು: ಕಾರ್ಮಿಕ ಇಲಾಖೆ, ಪಿಎಫ್ ಕಚೇರಿ, ತೆರಿಗೆ ಇಲಾಖೆ, ಪೊಲೀಸ್, ನ್ಯಾಯಾಲಯಗಳಿಗೆ ಹೇಳುವುದಕ್ಕೆ ಈ ಷರತ್ತು ಅಡ್ಡಿಯಲ್ಲ ಎಂದು. ಆ ಸಾಲು ಇಲ್ಲದಿದ್ದರೂ ಕಾನೂನಿನ ಮೊರೆ ಹೋಗುವುದನ್ನು ಪೂರ್ತಿ ತಡೆಯುವ ಕರಾರು ಕರಾರು ಕಾಯ್ದೆಯ 28ನೇ ಕಲಂ ಪ್ರಕಾರ ಅನೂರ್ಜಿತ. ಹಾಗಿದ್ದರೂ ಬರೆದು ಇಟ್ಟಿರುವುದೇ ಲೇಸು.

ಎಫ್‌ಐಆರ್ ಬರುವುದು ಸ್ಕ್ರೀನ್‌ಶಾಟ್‌ನಿಂದ

ಮಾನಹಾನಿಯಲ್ಲಿ ಬಾರದ ಪೊಲೀಸರು ಇಲ್ಲಿ ಬರುತ್ತಾರೆ. ಅನುಮತಿಯಿಲ್ಲದೆ ಕಂಪನಿಯ ಕಂಪ್ಯೂಟರ್‌ನಿಂದ ದತ್ತಾಂಶ ನಕಲು ಮಾಡಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ವ್ಯಾಪ್ತಿಗೆ ಬರುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಮಾಡಿದರೆ 66ನೇ ಕಲಂ: ಮೂರು ವರ್ಷದವರೆಗೆ ಸಜೆ, ಇಲ್ಲವೇ ₹5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುತ್ತದೆ, ಆದರೆ ಇದು ಸಂಜ್ಞೇಯ. ಸೈಬರ್ ಠಾಣೆಯಲ್ಲಿ ನೇರ ಎಫ್‌ಐಆರ್, ಫೋನ್ ಮತ್ತು ಲ್ಯಾಪ್‌ಟಾಪ್ ಜಪ್ತಿ. ಟೀಕೆಗೆ ಸೇಡು ತೀರಿಸಿಕೊಳ್ಳಬೇಕೆಂದಿರುವ ಕಂಪನಿಗೆ ಇದು ಮಾನಹಾನಿಗಿಂತ ಚುರುಕಾದ ಆಯುಧ, ಮತ್ತು ಅದನ್ನು ಅವರ ಕೈಗೆ ಕೊಡುವುದು ಬರಹದ ಜತೆ ಹಾಕಿದ ಆಂತರಿಕ ಇಮೇಲ್ ಅಥವಾ ಕಚೇರಿಯ ಚಾಟ್‌ನ ಚಿತ್ರ. ಕೊನೆಯ ವಾರದಲ್ಲಿ ಕಡತಗಳನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಂಡಿದ್ದರೆ ಕಂಪನಿಯ ಸರ್ವರ್‌ನಲ್ಲಿ ಅದರ ದಾಖಲೆ ಇದ್ದೇ ಇರುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಸಂಬಳ ಮತ್ತು ಕಡಿತದ ವಿಚಾರಕ್ಕೆ ಬೇಕಾದ ಸಾಕ್ಷ್ಯ ಕಂಪನಿಯ ಗೋಡೆಯ ಹೊರಗೇ ಸಿಗುತ್ತದೆ. ಪಿಎಫ್ ಪಾಸ್‌ಬುಕ್ ಇಪಿಎಫ್‌ಒ ಪೋರ್ಟಲ್‌ನಲ್ಲಿದೆ. ಕಡಿದ ತೆರಿಗೆ ಕಟ್ಟಿದ್ದಾರೋ ಇಲ್ಲವೋ ಎಂಬುದು ಆದಾಯ ತೆರಿಗೆ ಪೋರ್ಟಲ್‌ನ ತೆರಿಗೆ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತದೆ. ಸಂಬಳ ಬಂದ ದಿನಾಂಕ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ. ನಿಮ್ಮ ಸ್ವಂತ ಇಮೇಲ್‌ಗೆ ಎಚ್‌ಆರ್ ಕಳಿಸಿದ ಪತ್ರಗಳು ನಿಮ್ಮ ಹತ್ತಿರವೇ ಇವೆ. ಮೂಲ ಕಡತ ಹಾಗೇ ಇರಲಿ, ಕತ್ತರಿಸಿದ ಚಿತ್ರ ಸಾಲದು: ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಕೊಡಬೇಕಾದ ಪ್ರಮಾಣಪತ್ರದಲ್ಲಿ ಈಗ ಕಡತದ ಹ್ಯಾಶ್ ಸಂಖ್ಯೆಯನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ನಮೂದಿಸಬೇಕು, ತಜ್ಞರ ಸಹಿಯ ಭಾಗವೂ ಇದೆ.

ಲೈಂಗಿಕ ಕಿರುಕುಳದ ದೂರು ಕೊಟ್ಟವರು ಇನ್ನೊಂದು ಗೆರೆ ಗಮನಿಸಬೇಕು. 2013ರ ಕಾಯ್ದೆಯ 16ನೇ ಕಲಂ ದೂರಿನ ಒಳವಿವರ, ಇಬ್ಬರ ಗುರುತು, ವಿಚಾರಣೆಯ ಕಲಾಪ ಎಲ್ಲವನ್ನೂ ಪ್ರಕಟಿಸದಂತೆ ತಡೆಯುತ್ತದೆ. ದಂಡ ₹5,000 ಮಾತ್ರ, ಆದರೆ ಆ ಉಲ್ಲಂಘನೆ ಮುಂದೆ ಎದುರು ಪಕ್ಷದ ವಕೀಲರ ಮೊದಲ ವಾದವಾಗುತ್ತದೆ.

ಇಬ್ಬರ ವಾದದಲ್ಲೂ ಹುರುಳಿದೆ

ಕಂಪನಿಗಳು ಹೇಳುವುದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹದಿನೈದು ಜನರ ಸ್ಟಾರ್ಟಪ್ ಒಂದರ ಬಗ್ಗೆ ಬಂದ ಒಂದು ಸುಳ್ಳು ಪೋಸ್ಟ್, ಹುಡುಕಿದಾಗಲೆಲ್ಲ ಮೊದಲ ಸಾಲಿನಲ್ಲೇ ಕಾಣುತ್ತಿದ್ದರೆ ಹೊಸಬರ ನೇಮಕಾತಿ, ಬಂಡವಾಳ ಎರಡಕ್ಕೂ ಪೆಟ್ಟು. ಬರೆದವರು ಸುಳ್ಳೆಂದು ಒಪ್ಪಿದರೂ ಹಂಚಿಕೆಯಾದ ಪ್ರತಿಗಳು ಹಿಂದಕ್ಕೆ ಬರುವುದಿಲ್ಲ. ನೌಕರರ ಕಡೆಯ ವಾದ ಇದಕ್ಕಿಂತ ಹಳೆಯದು: ಕಂಪನಿಗೆ ವಕೀಲರ ಖರ್ಚು ವ್ಯಾಪಾರದ ಖರ್ಚು, ನೌಕರನಿಗೆ ಅದು ಮನೆ ಬಾಡಿಗೆಯ ದುಡ್ಡು. ದಾವೆ ಸೋತರೂ ಕಂಪನಿ ಗೆದ್ದಂತೆ, ಏಕೆಂದರೆ ನೋಡುತ್ತಿರುವ ಉಳಿದ ನೌಕರರು ಬಾಯಿ ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ, ಕೆಲಸದ ಜಾಗದ ಕಿರುಕುಳ ಮತ್ತು ತಾರತಮ್ಯದ ಬಗ್ಗೆ ಮಾತಾಡದಂತೆ ತಡೆಯುವ ಷರತ್ತುಗಳಿಗೆ ಕಾನೂನಿನ ತಡೆ ಇದೆ. ಅಲ್ಲಿ ದುಡಿಯುವ ಕನ್ನಡಿಗರಿಗೆ ಅದು ಅನ್ವಯವಾಗುತ್ತದೆ. ಅದೇ ಕಂಪನಿಯ ವೈಟ್‌ಫೀಲ್ಡ್ ಕಚೇರಿಯಲ್ಲಿರುವವರಿಗೆ ಆಗುವುದಿಲ್ಲ. ಬಾಯಿ ಮುಚ್ಚಿಸುವ ದಾವೆಗಳನ್ನು ಆರಂಭದಲ್ಲೇ ಕಿತ್ತೊಗೆಯುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಕ್ರಿಮಿನಲ್ ಮಾನಹಾನಿ ನಾಳೆಯೇ ರದ್ದಾದರೂ ಕೋಟಿಯ ದಾವೆ, ಕರಾರು, 66ನೇ ಕಲಂ ಉಳಿದೇ ಇರುತ್ತವೆ. ಹಾಗಾಗಿ ಅಪರಾಧದ ಪಟ್ಟಿಯಿಂದ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆ ಅತಿಯಾಯಿತು. ಇನ್ನು ಸಹಯೋಗ್ ತೀರ್ಪು ಸರ್ಕಾರಿ ಸಂಸ್ಥೆಗಳು ಜಾಲತಾಣಗಳಿಗೆ ಕಳಿಸುವ ಸೂಚನೆಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಗೆ ಆ ಬಾಗಿಲು ನೇರವಾಗಿ ತೆರೆದಿಲ್ಲ.

ಬರೆದಾಗಿದೆ, ಮುಂದೆಯೂ ಬರೆಯಬೇಕು ಎಂದಿದ್ದರೆ

ಲಿಖಿತ ಮಾನಹಾನಿಗೆ ಸಿವಿಲ್ ದಾವೆ ಹೂಡಲು ಕಾಲಮಿತಿ ಪ್ರಕಟವಾದ ದಿನದಿಂದ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಅಂತರ್ಜಾಲದಲ್ಲಿ ಬರಹ ಇರುವವರೆಗೂ ದಿನದಿನವೂ ಹೊಸ ಕಾಲಮಿತಿ ಹುಟ್ಟುತ್ತದೆ ಎಂಬ ವಾದವನ್ನು ದೆಹಲಿ ಹೈಕೋರ್ಟ್ 2013ರಲ್ಲಿ ಒಪ್ಪಲಿಲ್ಲ. ಎಣಿಕೆ ಮೊದಲ ಪ್ರಕಟಣೆಯಿಂದ ಎಂದಿತು. ಆದರೆ ಮತ್ತೆ ಪ್ರಕಟಿಸಿದರೆ ಎಣಿಕೆಯೂ ಮತ್ತೆ ಶುರು. ಹನ್ನೊಂದನೇ ತಿಂಗಳಲ್ಲಿ ಹಳೆಯ ಬರಹಕ್ಕೆ ಎರಡು ಖಾರವಾದ ಸಾಲು ಸೇರಿಸಿ "ವರ್ಷವಾಯಿತು ನೋಡಿ" ಎಂದು ಮತ್ತೆ ಹಂಚುವುದು, ಮುಚ್ಚುತ್ತಿದ್ದ ಬಾಗಿಲನ್ನು ಕಂಪನಿಗೆ ತಾವಾಗಿ ತೆರೆದುಕೊಟ್ಟಂತೆ. ತಪ್ಪು ಕಂಡರೆ ತಿದ್ದಲೇಬೇಕು. ತಿದ್ದುಪಡಿಯನ್ನು ದಿನಾಂಕದೊಂದಿಗೆ ಕೆಳಗೆ ಬೇರೆಯಾಗಿ ಹಾಕಿ, ಮೂಲದ ಮೈ ಮುಟ್ಟದಿರುವುದು ಕ್ಷೇಮ.

ಇನ್ನೂ ಬರೆಯದವರು ಮೊದಲು ಮೂರು ಕಾಗದ ಕೈಗೆ ಬರುವವರೆಗೆ ಕಾಯುವುದು ಜಾಣತನ: ರಿಲೀವಿಂಗ್ ಪತ್ರ, ಫಾರ್ಮ್ 16, ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕದ ನಮೂದು. ಕೊನೆಯದನ್ನು ಕಂಪನಿ ಹಾಕದೆ ಸತಾಯಿಸಿದರೆ, ಬಿಟ್ಟ ಎರಡು ತಿಂಗಳ ನಂತರ ನೌಕರರೇ ಇಪಿಎಫ್‌ಒ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು. ಉಳಿದೆರಡು ಕಂಪನಿಯ ಕೈಯಲ್ಲೇ ಇವೆ. ಹೊಸ ಕೆಲಸದ ಹಿನ್ನೆಲೆ ಪರಿಶೀಲನೆಯವರು ಮೊದಲು ಕೇಳುವುದೇ ರಿಲೀವಿಂಗ್ ಪತ್ರವನ್ನು.